150 ಕಮಾಂಡ್ ಬಾಯಿಪಾಠ ಮಾಡ್ಬೇಕೇನ್ರಿ? ಲಿನಕ್ಸ್ ಹೊಸದಾಗಿ ಕಲಿಯೋರಿಗೆ ಯಾವುದು ಮೊದಲು

ತೊಗರಿ_ಕಣಜ:
ನಮಸ್ಕಾರ್ರಿ ಎಲ್ಲರಿಗೂ. ಕಲಬುರಗಿಯಿಂದ ಬರೀಲತ್ತೀನಿ. ಹಳೇ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್, ಉಬುಂಟು ಹಾಕೀನಿ. 150 ಕಮಾಂಡಿನ ಒಂದು ಪಿಡಿಎಫ್ ಸಿಕ್ಕದ, ದಿನಕ್ಕ ಹತ್ತು ಬಾಯಿಪಾಠ ಮಾಡ್ರಿ ಅಂತ ಅದರಾಗೇ ಬರದಾರ. ಇಂದು ಓದಿದ್ದು ನಾಳೆಗಿ ನೆನಪಿರವಲ್ದು.

ಕೆಲಸ ಏನಂದ್ರ: ಕಲಬುರಗಿ, ಬೀದರ್, ಯಾದಗಿರಿ ಮೂರೂ ಮಾರುಕಟ್ಟಿದು ಒಂದು ವರ್ಷದ ದರದ ಫೈಲ್ ಅವ. ತಿಂಗಳಿಗೊಂದು, ಒಟ್ಟು 36 ಸಿಎಸ್‌ವಿ. ಸಾಲು ಹಿಂಗ: ದಿನಾಂಕ,ಮಾಲು,ಆವಕ,ದರ,ಮಾರುಕಟ್ಟೆ. ಯಾವ ಮಾರುಕಟ್ಟಿದು ಎಷ್ಟು ಸಾಲು ಅವ ಅಂತ ಎಣಿಸಬೇಕು. ಆಮ್ಯಾಲ ತೊಗರಿಗಿ ಎಲ್ಲಕ್ಕಿಂತ ಹೆಚ್ಚು ದರ ಯಾವತ್ತು ಬಂದಿತ್ತು ಅಂತ ನೋಡಬೇಕು. ಎಕ್ಸೆಲ್‌ದಾಗ 36 ಸಲ ತೆಗೆದು ಮುಚ್ಚೋದು ಬ್ಯಾಡಾಗ್ಯಾದ. ಎಲ್ಲಿಂದ ಶುರು ಮಾಡ್ಲಿ?

ವೇದಿಕೆ_ನಿರ್ವಾಹಕ:
ಹೊಸಬರಿಗೆ ನೆನಪಿಸ್ತೀನಿ: ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೀತೀವಿ, ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ. ದೊಡ್ಡಕ್ಷರ ಬೇಕಾದಲ್ಲಿ "ದೊಡ್ಡ" ಅಂತ ಪಕ್ಕದಲ್ಲೇ ಹೇಳಿ. ಲಿನಕ್ಸ್‌ನಲ್ಲಿ ಎರಡೂ ಬೇರೆ ಬೇರೆ.

ಕರಿ_ಪರದೆ:
ಆ ಪಿಡಿಎಫ್ ಮುಚ್ಚಿಡ್ರಿ. ದಿನದ ಕೆಲಸಕ್ಕ ಹನ್ನೆರಡು ಸಾಕು: ಪಿಡಬ್ಲ್ಯೂಡಿ (ಎಲ್ಲಿದ್ದೀನಿ), ಎಲ್‌ಎಸ್ (ಏನೇನದ), ಸಿಡಿ (ಬ್ಯಾರೆ ಕಡಿ ಹೋಗು), ಲೆಸ್ (ಓದು), ಸಿಪಿ (ನಕಲು ಮಾಡು), ಎಂವಿ (ಜಾಗ ಇಲ್ಲಾ ಹೆಸರು ಬದಲು ಮಾಡು), ಎಂಕೆಡಿಐಆರ್ (ಹೊಸ ಫೋಲ್ಡರ್), ಆರ್‌ಎಂ (ಅಳಿಸು), ಗ್ರೆಪ್ (ಪದ ಹುಡುಕು), ಸಾರ್ಟ್ (ಕ್ರಮಕ್ಕ ಹಚ್ಚು), ಕಟ್ (ಕಾಲಂ ಹರಿ), ಮತ್ತ ಎಲ್ಲಕ್ಕಿಂತ ಮೊದಲು ಮ್ಯಾನ್.

ಮ್ಯಾನ್ ಅಂದ್ರ ಕೈಪಿಡಿ. "ಮ್ಯಾನ್ ಸಾರ್ಟ್" ಅಂತ ಹೊಡೀರಿ. ಒಳಗ ಹೋದ ಮ್ಯಾಲ / ಒತ್ತಿ ಪದ ಹೊಡೆದ್ರ ಹುಡುಕ್ತದ, ಎನ್ ಒತ್ತಿದ್ರ ಮುಂದಿನದ್ದು, ಕ್ಯೂ ಒತ್ತಿದ್ರ ಹೊರಗ. ಲೆಸ್‌ದಾಗೂ ಇವೇ ಕೀಲಿ. ಇದೊಂದು ಕೈಗಿ ಹತ್ತಿದ್ರ ಯಾವ ಆಪ್ಷನ್ನೂ ಬಾಯಿಪಾಠ ಬ್ಯಾಡ. ಹೆಸರು ಪೂರಾ ಹೊಡೀಬ್ಯಾಡ್ರಿ, ಎರಡು ಅಕ್ಷರ ಹೊಡೆದು ಟ್ಯಾಬ್ ಒತ್ರಿ. ಪೂರಾ ಆಗಲಿಲ್ಲಂದ್ರ ಇನ್ನೊಮ್ಮೆ ಟ್ಯಾಬ್, ಏನೇನು ಅವ ಅಂತ ತೋರಿಸ್ತದ. ಹಿಂದ ಹೊಡೆದ ಕಮಾಂಡ್ ಹುಡುಕಲಿಕ್ಕ ಕಂಟ್ರೋಲ್-ಆರ್.

ಸುಸಲಾ_ಮಿರ್ಚಿ:
ಸರ್, ಇಂಟರ್‌ವ್ಯೂದಾಗ ಮ್ಯಾನ್ ತೆಗೆದು ನೋಡ್ಲಿಕ್ಕ ಬಿಡ್ತಾರೇನು? ಅಲ್ಲಿ ಬಾಯಿಪಾಠನೇ ಬೇಕು.

ಕರಿ_ಪರದೆ:
ಅಲ್ಲಿ ಕೇಳೋದು ಆಪ್ಷನ್ ಅಲ್ಲ. "ಡಿಸ್ಕ್ ತುಂಬ್ಯಾದ, ಏನು ಮಾಡ್ತಿ?" ಅಂತ ಕೇಳ್ತಾರ. ಡಿಎಫ್ -ಎಚ್ ಹೊಡೆದು ಯಾವ ಡಿಸ್ಕ್ ತುಂಬ್ಯಾದ ನೋಡು, ಆಮ್ಯಾಲ ಡಿಯು -ಎಸ್‌ಎಚ್ * | ಸಾರ್ಟ್ -ಎಚ್ ಹೊಡೆದ್ರ ದಪ್ಪನ ಫೋಲ್ಡರ್ ಎಲ್ಲಕ್ಕಿಂತ ಕೆಳಗ ಬಂದು ಕೂಡ್ತದ. ಹಿಂಗ ಹೇಳೋನಿಗಿ ಕೆಲಸ ಸಿಗ್ತದ. 150 ಹೆಸರು ಒಪ್ಪಿಸೋದು ಮಗ್ಗಿ ಒಪ್ಪಿಸಿದಂಗ.

ಫರಸಿಗಲ್ಲು:
ತೊಗರಿ_ಕಣಜ ಅವರೇ, ಏನು ಮಾಡುವ ಮೊದಲೂ ನಕಲು ತೆಗೆದಿಡಿ: ಸಿಪಿ -ಆರ್ ದರ ದರ-ಮೂಲ. ಇಲ್ಲಿ ಮರುಬಳಕೆ ಬುಟ್ಟಿ ಇಲ್ಲ. ಆರ್‌ಎಂ ಹೊಡೆದರೆ ಹೋಯಿತು.

ಹೊಸಬರು ಫೈಲ್ ಕಳೆದುಕೊಳ್ಳೋದು ಹೆಚ್ಚಾಗಿ ಎರಡು ಕಡೆ. ಒಂದು, ಆರ್‌ಎಂ *.ಬಿಎಕೆ ಅಂತ ಹೊಡೆಯೋ ಜಾಗದಲ್ಲಿ ನಕ್ಷತ್ರದ ನಂತರ ಖಾಲಿ ಜಾಗ ಬಿಟ್ಟು ಆರ್‌ಎಂ * .ಬಿಎಕೆ ಅಂತ ಹೊಡೆಯೋದು. ಬರಿಯ ನಕ್ಷತ್ರ ಅಂದರೆ ಫೋಲ್ಡರಿನಲ್ಲಿ ಕಾಣುವ ಎಲ್ಲ ಫೈಲು. ".ಬಿಎಕೆ ಸಿಗಲಿಲ್ಲ" ಅಂತ ತಪ್ಪು ತೋರಿಸೋ ಹೊತ್ತಿಗೆ ಉಳಿದದ್ದೆಲ್ಲ ಹೋಗಿರುತ್ತೆ. ಅದಕ್ಕೇ ಮೊದಲು ಎಕೋ *.ಬಿಎಕೆ ಹೊಡೆದು ಪಟ್ಟಿ ನೋಡಿ, ಆಮೇಲೆ ಎಕೋ ಜಾಗಕ್ಕೆ ಆರ್‌ಎಂ ಹಾಕಿ.

ಎರಡನೆಯದು ಸಾರ್ಟ್ ದರ.ಸಿಎಸ್‌ವಿ > ದರ.ಸಿಎಸ್‌ವಿ. ಫೈಲ್ ಪೂರ್ತಿ ಖಾಲಿ ಆಗುತ್ತೆ. ಸಾರ್ಟ್ ಓಡೋಕೆ ಮುಂಚೆಯೇ ಶೆಲ್ (ನಾವು ಹೊಡೆದ ಕಮಾಂಡ್ ಓದಿ ಓಡಿಸೋ ಪ್ರೋಗ್ರಾಂ) ಆ ಬಾಣ ನೋಡಿ ಫೈಲನ್ನು ಸೊನ್ನೆ ಮಾಡಿಟ್ಟಿರುತ್ತೆ, ಸಾರ್ಟ್‌ಗೆ ಓದಲು ಏನೂ ಉಳಿಯಲ್ಲ. ಅದೇ ಫೈಲಿಗೆ ಬರೆಯಬೇಕಂದರೆ ಸಾರ್ಟ್ -ಓ ದರ.ಸಿಎಸ್‌ವಿ ದರ.ಸಿಎಸ್‌ವಿ.

ಭೀಮಾ_ದಂಡಿ:
ಎಣಿಸೋ ಕೆಲಸಕ್ಕ ಒಂದೇ ಸಾಲು ಸಾಕು:

ಕ್ಯಾಟ್ *.ಸಿಎಸ್‌ವಿ | ಕಟ್ -ಡಿ, -ಎಫ್5 | ಸಾರ್ಟ್ | ಯುನಿಕ್ -ಸಿ | ಸಾರ್ಟ್ -ಎನ್‌ಆರ್

ಕ್ಯಾಟ್ 36 ಫೈಲನ್ನೂ ಜೋಡಿಸ್ತದ. ಕಟ್ ಅಲ್ಪವಿರಾಮದ ಮ್ಯಾಲ ಹರಿದು ಐದನೇ ಕಾಲಂ ಕೊಡ್ತದ. ನಡಕಿನ ಸಾರ್ಟ್ ಬಿಡಬ್ಯಾಡ್ರಿ, ಒಂದೇ ಥರದ ಸಾಲು ಎಣಿಸೋ ಯುನಿಕ್‌ಗೆ ಪಕ್ಕಪಕ್ಕ ಇರೋ ಸಾಲಷ್ಟೇ ಕಾಣ್ತಾವ. ಬೀದರ್, ಯಾದಗಿರಿ, ಬೀದರ್ ಅಂತ ಇದ್ರ ಅದು ಮೂರು ಅಂತನೇ ಎಣಿಸ್ತದ. ಕಡೀಕ ಸಾರ್ಟ್ -ಎನ್‌ಆರ್ ಅಂದ್ರ ಅಂಕಿ ಲೆಕ್ಕದಾಗ, ದೊಡ್ಡದು ಮ್ಯಾಲ. -ಎನ್ ಇಲ್ಲದಿದ್ರ 9800 ಬಂದು 10500ರ ಮ್ಯಾಲ ಕೂಡ್ತದ, ಯಾಕಂದ್ರ 9ಕ್ಕಿಂತ 1 ಸಣ್ಣದು ಅಂತ ಅಕ್ಷರದಂಗ ನೋಡ್ತದ.

ಒಮ್ಮೆಲೇ ಪೂರಾ ಹೊಡೀಬ್ಯಾಡ್ರಿ. ಮೊದಲು ಕ್ಯಾಟ್, ಕಟ್ ಇಷ್ಟೇ ಹೊಡೆದು ಕಡೀಕ | ಹೆಡ್ ಹಾಕಿ ಹತ್ತು ಸಾಲು ನೋಡ್ರಿ. ಬರೋಬರ್ ಇದ್ರ ಮುಂದಿನ ತುಂಡು ಹಚ್ರಿ.

ಬಿದ್ರಿ_ಹೂಜಿ:
ಪೈಪ್ (ಕಮಾಂಡಿನ ನಡಕಿನ | ಗುರುತು) ತಿಳೀಲಿಲ್ಲ ಅನ್ನೋರು ನಮ್ಮ ಬೀದರಿನ ಕಾರೇಜ್ ನೆನಸ್ಕೋರಿ. ನೆಲದ ಕೆಳಗ ಕಾಲುವಿ, ಅಲ್ಲಲ್ಲಿ ಮ್ಯಾಲಕ ತೆರೆದ ಬಾವಿ. ನೀರು ಒಂದೇ, ಒಂದು ಬಾವಿಯಿಂದ ಮುಂದಿನದಕ್ಕ ಹೋಗ್ತದ. ಯಾವ ಬಾವ್ಯಾಗ ಬಗ್ಗಿ ನೋಡಿದ್ರೂ ಅಲ್ಲೀ ತನಕ ಬಂದ ನೀರು ಕಾಣ್ತದ. ಭೀಮಾ_ದಂಡಿ ಹೇಳಿದ ಹೆಡ್ ಅಂದ್ರ ಅದೇ, ಬಗ್ಗಿ ನೋಡೋದು.

ಕರಿ_ಪರದೆ:
ಹೋಲಿಕೆ ಚಂದದ. ಆದ್ರ ಒಂದು ಮಾತು, ಕ್ಯಾಟ್ ಮುಗಿದ ಮ್ಯಾಲ ಕಟ್ ಶುರು ಆಗ್ತದ ಅಂತ ಯಾರೂ ತಿಳ್ಕೋಬ್ಯಾಡ್ರಿ. ಐದೂ ಒಮ್ಮೆಲೇ ಎದ್ದು ನಿಲ್ತಾವ. ನಡಕ ಲಿನಕ್ಸ್ ಕೊಡೋದು 64 ಕೆಬಿ ಜಾಗ, ಅದು ತುಂಬಿದ್ರ ಹಿಂದಿನಾಂವ ನಿಂತು ಕಾಯ್ತಾನ. ಅದಕ್ಕೇ 4 ಜಿಬಿ ರ್‍ಯಾಮಿನ ಲ್ಯಾಪ್‌ಟಾಪಿನ ಮ್ಯಾಲ 10 ಜಿಬಿ ಫೈಲ್ ಗ್ರೆಪ್ ಮಾಡಿದ್ರೂ ಏನೂ ಆಗೋದಿಲ್ಲ. ಸಾರ್ಟ್ ಮಾತ್ರ ಪೂರಾ ಬರೋ ತನಕ ಬಾಯಿ ಬಿಡೋದಿಲ್ಲ, ಜಾಗ ಸಾಲದಿದ್ರ ಡಿಸ್ಕಿನ ಟೆಂಪ್ ಫೋಲ್ಡರ್‌ದಾಗ ತುಂಡು ತುಂಡು ಬರಿತದ. ಈ ಪೈಪ್ 1973ರಾಗ ಲಿನಕ್ಸ್‌ಗೆ ಮಾದರಿ ಆದ ಯೂನಿಕ್ಸ್‌ಗೆ ಬಂದದ್ದು, ಬೆಲ್ ಲ್ಯಾಬ್ಸ್‌ನ ಡಗ್ ಮ್ಯಾಕಿಲ್ರಾಯ್ ಹಟ ಹಿಡಿದು ಹಾಕ್ಸಿದ್ದು.

ಬಿದ್ರಿ_ಹೂಜಿ:
ಕಾರೇಜ್‌ದಾಗೂ ಒಂದು ಬಾವಿ ತುಂಬಿದ ಮ್ಯಾಲ ಇನ್ನೊಂದಕ್ಕ ನೀರು ಬಿಡಾಂವ ಯಾರೂ ಇಲ್ರಿ ಸರ್. ಅದೂ ಒಮ್ಮೆಲೇ ಹರಿತದ. ನನ್ನ ಹೋಲಿಕೆ ಸರಿನೇ ಅದ. 🙂

ತೊಗರಿ_ಕಣಜ:
ಅಣ್ಣಾರ, ಹೊಡೆದೆ. ಹಿಂಗ ಬಂತು:

611 ಕಲಬುರಗಿ
402 ಬೀದರ್
377 ಯಾದಗಿರಿ
139 ಬೀದರ್
61 ಬೀದರ್
41 500"
29 200"
28 ಮಾರುಕಟ್ಟೆ
17 000"
8 ಮಾರುಕಟ್ಟೆ

ಬೀದರ್ ಮೂರು ಸಲ ಯಾಕ? 500" ಅನ್ನೋದು ಯಾವ ಮಾರುಕಟ್ಟಿ?

ಸುಸಲಾ_ಮಿರ್ಚಿ:
ಮೂರು ಬೀದರ್! ಕ್ವಾಟಿ ಒಂದೇ ಅದಲ್ಲೋ ಮಾರಾಯಾ.

ಭೀಮಾ_ದಂಡಿ:
ಗಾಬರಿ ಆಗಬ್ಯಾಡ್ರಿ. ಮೊದಲು ಸಾಲು ಕಳೆದಿಲ್ಲ ಅಂತ ಖಾತ್ರಿ ಮಾಡ್ಕೋರಿ. ಕ್ಯಾಟ್ *.ಸಿಎಸ್‌ವಿ | ಡಬ್ಲ್ಯೂಸಿ -ಎಲ್ ಎಷ್ಟು ಬರ್ತದ? ನಿಮ್ಮ ಪಟ್ಟಿ ಕೂಡಿಸಿದ್ರ 1713.

ತೊಗರಿ_ಕಣಜ:
1713ನೇ ಬಂತು.

ಭೀಮಾ_ದಂಡಿ:
ಹಂಗಾದ್ರ ಎಣಿಕೆ ಸರಿ ಅದ, ಹೆಸರು ಕೆಟ್ಟಾವ.

ಜೋಳದ_ರೊಟ್ಟಿ:
ಕಣ್ಣಿಗೆ ಒಂದೇ ಥರ ಕಾಣುವ ಮೂರು ಬೀದರ್ ಅಂದ್ರೆ ಕಾಣದ ಅಕ್ಷರ ಹಿಂದೆ ಅಂಟಿಕೊಂಡಿವೆ. ವಿಂಡೋಸ್‌ನಲ್ಲಿ ಸೇವ್ ಮಾಡಿದ ಫೈಲುಗಳಲ್ಲಿ ಸಾಲಿನ ಕೊನೆಗೆ ಎರಡು ಗುರುತು ಇರ್ತವೆ, ಲಿನಕ್ಸ್‌ನಲ್ಲಿ ಒಂದೇ. ಮಾರುಕಟ್ಟೆ ನಿಮ್ಮ ಕೊನೇ ಕಾಲಂ ಆದ್ದರಿಂದ ಆ ಹೆಚ್ಚಿನ ಗುರುತು ಹೆಸರಿಗೇ ಅಂಟುತ್ತೆ. ಕ್ಯಾಟ್ -ಎ (ದೊಡ್ಡ ಎ) ಹೊಡೆದು ನೋಡಿ, ಸಾಲಿನ ಕೊನೆಗೆ ^ಎಂ$ ಕಂಡರೆ ಅದೇ.

ಕರಿ_ಪರದೆ:
ಅಕ್ಕಾರ, ಕ್ಯಾಟ್ -ಎ ಕನ್ನಡಕ್ಕ ಬರೋದಿಲ್ಲ. ಪೂರಾ ಸಾಲೇ ಎಂ- ಎಂ- ಅಂತ ಕಸದಂಗ ಬರ್ತದ, ಹೊಸಬರು ಫೈಲೇ ಕೆಟ್ಟದ ಅಂತ ತಿಳ್ಕೋತಾರ.

ಜೋಳದ_ರೊಟ್ಟಿ:
ಅದು ಖರೆ. ಹಂಗಾದ್ರೆ ಇದು: ಗ್ರೆಪ್ -ಎಲ್ $'\ಆರ್' *.ಸಿಎಸ್‌ವಿ. ಆ ಗುರುತು ಇರೋ ಫೈಲುಗಳ ಹೆಸರಷ್ಟೇ ಕೊಡುತ್ತೆ. ನಿಮಗೆ ಎಂಟು ಹೆಸರು ಬರಬೇಕು, ಯಾಕಂದ್ರೆ "8 ಮಾರುಕಟ್ಟೆ" ಅಂತ ಬೇರೆ ಬಂದಿದೆ.

ಉಳಿದ 139 ಮತ್ತು 61ರ ನಡುವಿನ ವ್ಯತ್ಯಾಸ ಇದರಿಂದ ತಿಳಿಯಲ್ಲ. ಅದಕ್ಕೆ:

ಕ್ಯಾಟ್ *.ಸಿಎಸ್‌ವಿ | ಕಟ್ -ಡಿ, -ಎಫ್5 | ಸಾರ್ಟ್ -ಯು | ಗ್ರೆಪ್ ಬೀದರ್ | ಓಡಿ -ಎಎನ್ -ಟಿಎಕ್ಸ್1

(ಓಡಿಯ -ಎಎನ್‌ನಲ್ಲಿ ಎ ದೊಡ್ಡದು.) ಪ್ರತಿ ಬೈಟನ್ನೂ ಹದಿನಾರರ ಅಂಕಿಯಲ್ಲಿ ತೋರಿಸುತ್ತೆ. 0ಎ ಅಂದ್ರೆ ಸಾಲಿನ ಕೊನೆ. ಅದರ ಹಿಂದೆ 0ಡಿ ಇದ್ದರೆ ವಿಂಡೋಸ್ ಗುರುತು. ಇ2 80 8ಸಿ ಇದ್ದರೆ ಅದು ಶೂನ್ಯಾಗಲ ಅಡ್ಡಿ, ಅಂದ್ರೆ ಒತ್ತಕ್ಷರ ಆಗದ ಹಾಗೆ ತಡೆಯುವ ಕಾಣದ ಗುರುತು. ಕೆಲವು ಕೀಲಿಮಣೆಗಳಲ್ಲಿ ಅರ್ಧಾಕ್ಷರ ಹೊಡೆದಾಗ ತಾನೇ ಬಂದು ಕೂರುತ್ತೆ. ಬೀದರ್ ಅರ್ಧಾಕ್ಷರದಲ್ಲಿ ಮುಗಿಯುತ್ತಲ್ಲ, ಅದಕ್ಕೆ ಅದಕ್ಕಷ್ಟೇ ಈ ರೋಗ. ಕಲಬುರಗಿ, ಯಾದಗಿರಿಗೆ ಬಂದಿಲ್ಲ ನೋಡಿ.

ತೊಗರಿ_ಕಣಜ:
ಎಂಟು ಫೈಲ್ ಬಂದ್ವು, ಎಲ್ಲಾ ಬೀದರಿನವು. ಇ2 80 8ಸಿ ಕೂಡ ಸಿಕ್ತು! ಆದ್ರ ಅಕ್ಕಾ, ಬೀ-ದ-ರ್ ಅಂತ ಮೂರೇ ಅಕ್ಷರ, ಬೈಟ್ ಮಾತ್ರ ಸಾಲುಗಟ್ಟಿ ಬರ್ಲತ್ತಾವ.

ಜೋಳದ_ರೊಟ್ಟಿ:
ಕಂಪ್ಯೂಟರಿಗೆ ಬೀ ಒಂದಲ್ಲ, ಬ ಮತ್ತು ದೀರ್ಘದ ಚಿಹ್ನೆ, ಎರಡು. ರ್ ಕೂಡ ಎರಡು. ಒಟ್ಟು ಐದು ಸಂಕೇತ. ಯುಟಿಎಫ್-8ರಲ್ಲಿ (ಸಂಕೇತಗಳನ್ನು ಬೈಟ್ ಮಾಡಿಡುವ ಪದ್ಧತಿ) ಕನ್ನಡದ ಒಂದೊಂದಕ್ಕೂ 3 ಬೈಟ್, ಹಾಗಾಗಿ 15. ವಿಂಡೋಸ್ ಬಾಲ ಇದ್ದರೆ 16, ಶೂನ್ಯಾಗಲದ ಬಾಲ ಇದ್ದರೆ 18. ಕಲಬುರಗಿ ಏಳು ಸಂಕೇತ, 21 ಬೈಟ್. ಡಬ್ಲ್ಯೂಸಿ -ಸಿ ಬೈಟ್ ಎಣಿಸುತ್ತೆ, ಡಬ್ಲ್ಯೂಸಿ -ಎಂ ಸಂಕೇತ ಎಣಿಸುತ್ತೆ. ನಾವು ಎಣಿಸುವಂಥ ಅಕ್ಷರ ಎರಡಕ್ಕೂ ಗೊತ್ತಿಲ್ಲ. ಎಕೋ ಹಾಕಿ ಎಣಿಸಿದರೆ ಸಾಲಿನ ಕೊನೆಯದೂ ಸೇರಿ ಒಂದು ಹೆಚ್ಚು ಬರುತ್ತೆ, ಎಕೋ -ಎನ್ ಹಾಕಿ.

ಭೀಮಾ_ದಂಡಿ:
ಇದರ ಇನ್ನೊಂದು ಪೆಟ್ಟು: ಲಿನಕ್ಸ್‌ನ ಇಎಕ್ಸ್‌ಟಿ4 ಡಿಸ್ಕ್‌ನಾಗ ಫೈಲ್ ಹೆಸರಿನ ಮಿತಿ 255 ಬೈಟ್. ಇಂಗ್ಲಿಷಿಗೆ 255 ಅಕ್ಷರ, ಕನ್ನಡಕ್ಕ 85 ಸಂಕೇತ ಅಷ್ಟೇ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್ ನೋಡೋದಿಲ್ಲ, ಅಲ್ಲಿ ಕನ್ನಡದಾಗೂ 255 ಸಂಕೇತ ಹಿಡಿತಾವ. ಅದಕ್ಕ ಉದ್ದುದ್ದ ಹೆಸರಿನ ಆದೇಶದ ಪಿಡಿಎಫ್ ಪೆನ್‌ಡ್ರೈವ್‌ದಿಂದ ಉಬುಂಟುಗೆ ಇಳಿಸುವಾಗ "ಫೈಲ್ ನೇಮ್ ಟೂ ಲಾಂಗ್" ಅಂತ ಬರ್ತದ. ಪೆನ್‌ಡ್ರೈವ್ ಕೆಟ್ಟಿರೋದಿಲ್ಲ.

ಕರಿ_ಪರದೆ:
ಈಗ ಸ್ವಚ್ಛ ಮಾಡೋದು. ಕ್ಯಾಟ್ ಆದ ಮ್ಯಾಲ ಎರಡು ತುಂಡು ಹಚ್ರಿ:

| ಟಿಆರ್ -ಡಿ '\ಆರ್' | ಸೆಡ್ $'ಎಸ್/\ಯು200ಸಿ$//'

ಟಿಆರ್ ವಿಂಡೋಸ್ ಬಾಲ ಅಳಿಸ್ತದ, ಸೆಡ್ ಅಂದ್ರ ಪಠ್ಯ ತಿದ್ದೋದು, ಅದು ಸಾಲಿನ ಕೊನೀ ಶೂನ್ಯಾಗಲದ್ದು ತೆಗಿತದ. ಇದೇ ಕ್ರಮ ಇರ್ಲಿ. ಸೆಡ್‌ದಾಗಿನ $ ಅಂದ್ರ ಸಾಲಿನ ಕೊನೆ. ವಿಂಡೋಸ್ ಬಾಲ ಇನ್ನೂ ಇದ್ರ ಶೂನ್ಯಾಗಲದ್ದು ಕೊನೇದಾಗಿರೋದಿಲ್ಲ, ಸೆಡ್‌ಗೆ ಸಿಗೋದಿಲ್ಲ.

ಸುಸಲಾ_ಮಿರ್ಚಿ:
ಕೊನೀದು ಅಂತ ಯಾಕ, ಎಲ್ಲಾ ಕಡಿದೂ ತೆಗೆದ್ರ ಮುಗೀತಲ್ಲ?

ಫರಸಿಗಲ್ಲು:
ಮುಗಿಯುತ್ತೆ, ಕನ್ನಡವೂ ಮುಗಿಯುತ್ತೆ. "ಟರ್ಮಿನಲ್‌ನಲ್ಲಿ" ಅನ್ನೋ ಪದದ ಮಧ್ಯೆ ಅದೇ ಗುರುತು ಇದೆ. ತೆಗೆದರೆ ಲ್ ಕೆಳಗೆ ನ ಒತ್ತು ಬಂದು "ಟರ್ಮಿನಲ್ನಲ್ಲಿ" ಆಗುತ್ತೆ. ಬೇಕಂತ ಇಟ್ಟಿರೋ ಜಾಗದಲ್ಲಿ ಕೈ ಹಾಕಬಾರದು.

ಭೀಮಾ_ದಂಡಿ:
500" ಅನ್ನೋದು ಯಾದಗಿರಿ ಫೈಲಿಂದು ಇರಬೇಕು. ಅಲ್ಲಿ ದರ 10500 ಅಂತ ಬರೀದೆ "10,500" ಅಂತ ಕೊಟೇಷನ್ ಹಾಕಿ ಬರದಾರ. ಕಟ್‌ಗೆ ಕೊಟೇಷನ್ ಗೊತ್ತಿಲ್ಲ, ಒಳಗಿನ ಅಲ್ಪವಿರಾಮಕ್ಕೂ ಹರಿತದ. "10 ನಾಲ್ಕನೇ ಕಾಲಂ ಆಯ್ತು, 500" ಐದನೇದು, ಯಾದಗಿರಿ ಆರನೇದಕ್ಕ ಹೋಯ್ತು. 41, 29, 17 ಕೂಡಿಸಿದ್ರ 87 ಸಾಲು. ಪರಿಹಾರ:

| ಸೆಡ್ 'ಎಸ್/"\([0-9]*\),\([0-9]*\)"/\1\2/ಜಿ'

ಕೊಟೇಷನ್ ಒಳಗಿನ ಎರಡೂ ತುಂಡು ಹಿಡಿದು, ಅಲ್ಪವಿರಾಮ ಬಿಟ್ಟು, ಜೋಡಿಸ್ತದ. ಕಡೀಗಿನ ಜಿ ಇದ್ರ ಆವಕದ ಕಾಲಂದಾಗ "1,250" ಇದ್ರೂ ಸರಿ ಆಗ್ತದ. 1,05,000 ಅಂತ ಎರಡು ಅಲ್ಪವಿರಾಮ ಇದ್ರ ಇದು ಹತ್ತೋದಿಲ್ಲ, ನೆನಪಿಡ್ರಿ.

ಇದನ್ನ ಸರಿ ಮಾಡದೆ ಹೆಚ್ಚಿನ ದರ ಹುಡುಕಿದ್ರ ಮೋಸ ಹೋಗ್ತೀರಿ. ಸಾರ್ಟ್ -ಎನ್ ಕೊಟೇಷನ್‌ದಿಂದ ಶುರು ಆಗೋದನ್ನ ಸೊನ್ನೆ ಅಂತ ತಿಳೀತದ. ಹತ್ತು ಸಾವಿರ ದಾಟಿದ ದಿನ ಎಲ್ಲಾ ಪಟ್ಟಿಯ ತಳಕ್ಕ ಹೋಗಿ ಕೂತು, 9 ಸಾವಿರದ್ದೇ ಹೆಚ್ಚಿನ ದರ ಅಂತ ಕಾಣ್ತದ. ತಪ್ಪು ಅಂತ ಎಲ್ಲೂ ತೋರ್ಸೋದಿಲ್ಲ.

ಬಿದ್ರಿ_ಹೂಜಿ:
ನಡಕ ಬಂದೆ, ಕ್ಷಮಿಸ್ರಿ. ಹಳೇ ಟೈಪಿಂಗ್ ಫೈಲ್‌ದಾಗ ಕನ್ನಡ ಪದ ಗ್ರೆಪ್ ಮಾಡಿದ್ರ ಒಂದೂ ಸಿಗವಲ್ದು. ಕಣ್ಣಿಗಿ ಕನ್ನಡನೇ ಕಾಣ್ತದ.

ಜೋಳದ_ರೊಟ್ಟಿ:
ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಹೊಡೆದದ್ದಾ? ಅದರ ಒಳಗಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ, ಫಾಂಟ್ ಮಾತ್ರ ಕನ್ನಡದ ಆಕಾರ ತೋರಿಸುತ್ತೆ. ಟರ್ಮಿನಲ್‌ನಲ್ಲಿ ಲೆಸ್ ಹಾಕಿ ನೋಡಿ, ಬಣ್ಣ ಬಯಲಾಗುತ್ತೆ. ಮೊದಲು ಪರಿವರ್ತಕದಲ್ಲಿ ಯುನಿಕೋಡ್ ಮಾಡಿ, ಆಮೇಲೆ ಗ್ರೆಪ್.

ಸುಸಲಾ_ಮಿರ್ಚಿ:
ಸೆಡ್ ಮಾತು ಬಂತು ಅಂತ ಕೇಳ್ತೀನಿ. ಹಳೇ ಫೈಲ್‌ದಾಗ ಗುಲ್ಬರ್ಗಾ, ಹೊಸದರಾಗ ಕಲಬುರಗಿ. ಸೆಡ್ -ಐ 'ಎಸ್/ಗುಲ್ಬರ್ಗಾ/ಕಲಬುರಗಿ/ಜಿ' *.ಸಿಎಸ್‌ವಿ ಹೊಡೆದ್ರ ಎಲ್ಲಾ ಒಂದೇ ಆಗ್ತದಲ್ಲ?

ಫರಸಿಗಲ್ಲು:
-ಐ ಅಂದರೆ ಫೈಲಿನಲ್ಲೇ ತಿದ್ದುತ್ತೆ, ಹಿಂದೆ ಬರೋ ದಾರಿ ಇಲ್ಲ. -ಐ.ಮೂಲ ಅಂತ ಅಂಟಿಸಿ ಬರೆದರೆ ಹಳೆಯದನ್ನು .ಮೂಲ ಬಾಲ ಹಚ್ಚಿ ಉಳಿಸುತ್ತೆ. ಮತ್ತೆ, ಊರಿನ ಹೆಸರು 2014ರ ನವೆಂಬರ್ 1ಕ್ಕೆ ಬದಲಾಯಿತು, ಆದರೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು "ಗುಲ್ಬರ್ಗಾ ತೊಗರಿ ಬೇಳೆ" ಅನ್ನೋ ಹೆಸರಿಗೇ. ನಿಮ್ಮ ಸೆಡ್ ಅದನ್ನೂ ತಿದ್ದಿಬಿಡುತ್ತೆ. ಮಾರುಕಟ್ಟೆ ಕಾಲಂ ಮಾತ್ರ ಬದಲಾಗಬೇಕಾದರೆ 'ಎಸ್/,ಗುಲ್ಬರ್ಗಾ$/,ಕಲಬುರಗಿ/', ಅಲ್ಪವಿರಾಮದ ನಂತರ, ಸಾಲಿನ ಕೊನೆಯಲ್ಲಿ ಇದ್ದರೆ ಮಾತ್ರ.

ಭೀಮಾ_ದಂಡಿ:
ಇನ್ನೊಂದು: ಯಾದಗಿರಿ ಜಿಲ್ಲಾ ಆದದ್ದೇ 2009ರ ಕೊನೀಗಿ. ಅದಕ್ಕಿಂತ ಹಿಂದಿನ ಜಿಲ್ಲಾ ಕಾಲಂದಾಗ ಗುಲ್ಬರ್ಗಾ ಅಂತ ಇದ್ರ ಸುರಪುರ, ಶಹಾಪುರನೂ ಅದರಾಗೇ ಬಂದಿರ್ತಾವ. ಹೆಸರು ತಿದ್ದಿದ್ರ ಲೆಕ್ಕ ಸರಿ ಆಗೋದಿಲ್ಲ.

ಬಿದ್ರಿ_ಹೂಜಿ:
ಗ್ರೆಪ್ ಚೌಕದ ಕಂಸ ಕಲೀಲಿಕ್ಕ ನಮ್ಮ ಗಾಡಿ ನಂಬರ್ ಚಂದದ. ಕಲಬುರಗಿ 32, ಯಾದಗಿರಿ 33, ಬೀದರ್ 38. ಗ್ರೆಪ್ 'ಕೆಎ-3[238]' ಅಂದ್ರ ಮೂರೂ ಸಿಗ್ತಾವ (ಕೆಎ ದೊಡ್ಡಕ್ಷರ). ಕಂಸ ಇದ್ದಾಗ ಒಂಟಿ ಕೊಟೇಷನ್ ಬಿಡಬ್ಯಾಡ್ರಿ, ಇಲ್ಲಾಂದ್ರ ಗ್ರೆಪ್‌ಗಿಂತ ಮೊದಲು ಶೆಲ್ಲೇ ಅದಕ್ಕ ಹೊಂದೋ ಫೈಲ್ ಹುಡುಕ್ತದ. ಬರೇ '-32' ಹುಡುಕಿದ್ರ ಗ್ರೆಪ್ ಅದನ್ನ ಆಪ್ಷನ್ ಅಂತ ತಿಳೀತದ, ಗ್ರೆಪ್ -ಇ '-32' ಹೊಡೀರಿ.

ತೊಗರಿ_ಕಣಜ:
ನಡಕ ಒಂದು ಆಪತ್ತು. ಸೇವ್ ಮಾಡೋಣಂತ ಕಂಟ್ರೋಲ್-ಎಸ್ ಒತ್ತಿದೆ, ಪರದೆ ಸತ್ತಂಗ ಆಗ್ಯಾದ. ಏನು ಹೊಡೆದ್ರೂ ಕಾಣವಲ್ದು.

ಕರಿ_ಪರದೆ:
ಕಂಟ್ರೋಲ್-ಕ್ಯೂ. ಎಸ್ ಅಂದ್ರ ತೋರಿಸೋದು ನಿಲ್ಸು, ಕ್ಯೂ ಅಂದ್ರ ಮುಂದುವರಿಸು, ಹಳೇ ಟೆಲಿಟೈಪ್ ಕಾಲದ ಪದ್ಧತಿ. ನಡುವ ಹೊಡೆದದ್ದೆಲ್ಲ ಈಗ ಒಮ್ಮೆಲೇ ಬಂದು ಬೀಳ್ತದ, ಎಂಟರ್ ಒತ್ತಿದ್ರ ಅದೂ ಓಡಿರ್ತದ, ನೋಡ್ಕೋರಿ.

ತೊಗರಿ_ಕಣಜ:
ಬಂತು ಬಂತು. ಸರ್ ನೀವು ದೇವ್ರು. ಎಲ್ಲಾ ತುಂಡು ಹಚ್ಚಿದ ಮ್ಯಾಲ ಈಗ:

611 ಕಲಬುರಗಿ
602 ಬೀದರ್
464 ಯಾದಗಿರಿ
36 ಮಾರುಕಟ್ಟೆ

ಕೂಡಿಸಿದ್ರ 1713, ಬರೋಬರ್. ದರಕ್ಕ ಕಟ್ ತೆಗೆದು | ಗ್ರೆಪ್ ತೊಗರಿ | ಸಾರ್ಟ್ -ಟಿ, -ಕೆ4 -ಎನ್ | ಟೇಲ್ -ಎನ್ 1 ಹಚ್ಚಿದೆ. ಒಂದು ಸಾಲು ಬಂತು.

ಭೀಮಾ_ದಂಡಿ:
-ಕೆ4 ಅಂದ್ರ ನಾಲ್ಕನೇದರಿಂದ ಸಾಲಿನ ಕೊನೀ ತನಕ. ಅಂಕಿ ಲೆಕ್ಕದಾಗ ಈಗೇನೂ ಫರಕ ಬೀಳೋದಿಲ್ಲ, ಆದ್ರ -ಕೆ4,4ಎನ್ ಅಂತ ಬರೆಯೋ ರೂಢಿ ಇಟ್ಕೋರಿ. ಗ್ರೆಪ್‌ದಾಗ ',ತೊಗರಿ,' ಅಂತ ಎರಡೂ ಕಡಿ ಅಲ್ಪವಿರಾಮ ಹಾಕ್ರಿ. ಇಲ್ಲಾಂದ್ರ ತೊಗರಿ ಬೇಳೆ ಅಂತ ಇರೋ ಸಾಲೂ ಒಳಗ ಬರ್ತದ, ಬೇಳೆ ದರ ಯಾವಾಗಲೂ ಕಾಳಿಗಿಂತ ಮ್ಯಾಲೇ ಇರ್ತದ.

ತೊಗರಿ_ಕಣಜ:
ಅಯ್ಯೋ, ಖರೇನೇ ಬೇಳೆ ಸಾಲೇ ಬಂದಿತ್ತು. ಈಗ ಸರಿ ಆತು.

ಸುಸಲಾ_ಮಿರ್ಚಿ:
ಎಲ್ಲಾ ಸರಿ, ಈ "ಮಾರುಕಟ್ಟೆ" ಅನ್ನೋ ಊರು ಯಾವ ತಾಲೂಕಿನಾಗ ಬರ್ತದ? 36 ದಿನ ವ್ಯಾಪಾರ ಆಗ್ಯಾದಲ್ಲ ಅಲ್ಲಿ.

ಜೋಳದ_ರೊಟ್ಟಿ:
😂 ಪ್ರತಿ ಫೈಲಿನ ತಲೆಸಾಲು ಅದು, 36 ಫೈಲಿಗೆ 36. ಶುರುವಿನ ಕ್ಯಾಟ್ ತೆಗೆದು ಟೇಲ್ -ಕ್ಯೂ -ಎನ್ +2 *.ಸಿಎಸ್‌ವಿ ಹಾಕಿ, ಎರಡನೇ ಸಾಲಿಂದ ಕೊಡುತ್ತೆ. -ಕ್ಯೂ ಬಿಟ್ಟರೆ ಪ್ರತಿ ಫೈಲಿನ ಹೆಸರು ==> <== ನಡುವೆ ಬರೆದು, ಇನ್ನೂ 36 ಹೊಸ ಊರು ಹುಟ್ಟಿಸುತ್ತೆ.

ತೊಗರಿ_ಕಣಜ:
1677. ಮೂರೇ ಸಾಲು ಉಳಿದ್ವು.